ಜಿಬೆಲ್ಲೀನಾ: ಬಿದ್ದ ಊರಿನ ಮೇಲೆ ಸಿಮೆಂಟು ಹೊದಿಸಿದ್ದು ಸರಿಯಾ?

ಗೋಡೆಗೀಚು:
ಸಿಸಿಲಿ ದ್ವೀಪದ ಪಶ್ಚಿಮಕ್ಕೆ ಬೆಲಿಚೆ ಅಂತ ಒಂದು ಕಣಿವೆ ಇದೆ. 1968ರ ಜನವರಿ 14ರಂದು ಅಲ್ಲಿ ನೆಲ ನಡುಗಲು ಶುರುವಾಯಿತು. ಹೆದರಿದ ಜನ ಆ ರಾತ್ರಿ ಚಳಿಯಲ್ಲೇ ಮನೆ ಹೊರಗೆ ಕಳೆದರು. ಬೆಳಗಾಗುವ ಮುಂಚೆ ದೊಡ್ಡದು ಬಂತು. ಜಿಬೆಲ್ಲೀನಾ, ಪೊಜ್ಜೊರಿಯಾಲೆ, ಸಲಪರೂಟಾ, ಮೊಂತೆವಾಗೊ, ನಾಲ್ಕೂ ಊರು ನೆಲ ಕಚ್ಚಿದವು. ಜನ ಹೊರಗಿದ್ದುದಕ್ಕೆ ಸಾವು ನೂರರ ಲೆಕ್ಕದಲ್ಲೇ ನಿಂತಿತು. ಮನೆ ಕಳೆದುಕೊಂಡವರು ಮಾತ್ರ ಹತ್ತಾರು ಸಾವಿರ.

ಜಿಬೆಲ್ಲೀನಾವನ್ನು ಇದ್ದಲ್ಲೇ ಮತ್ತೆ ಕಟ್ಟಲಿಲ್ಲ. ರಸ್ತೆಯಲ್ಲಿ ಹೋದರೆ ಸುಮಾರು 20 ಕಿಲೋಮೀಟರ್ ದೂರ, ರೈಲು ಮತ್ತು ಹೆದ್ದಾರಿಗೆ ಹತ್ತಿರ ಆಗುವ ಜಾಗದಲ್ಲಿ ಹೊಸ ಊರು ಮಾಡಿದರು. ಅಲ್ಲಿಗೆ ಹೋಗುವ ತನಕ ಜನ ಹತ್ತು ವರ್ಷಕ್ಕೂ ಜಾಸ್ತಿ ಶೆಡ್ಡುಗಳಲ್ಲಿ ಬದುಕಿದರು. ಆಗಿನ ಮೇಯರ್ ಲುಡೊವಿಕೊ ಕೊರ್ರಾವೊ. ಹೊಸ ಊರು ಬರೀ ಮನೆಗಳ ಸಾಲು ಆಗಬಾರದು ಅಂತ ಇಟಲಿಯ ದೊಡ್ಡ ದೊಡ್ಡ ಕಲಾವಿದರನ್ನು ಕರೆಸಿದರು. ಅವರಲ್ಲಿ ಆಲ್ಬೆರ್ತೊ ಬುರ್ರಿಯೂ ಒಬ್ಬರು. ಹೊಸ ಊರು ನೋಡಿದ ಬುರ್ರಿ ಇಲ್ಲಿ ನಾನು ಮಾಡುವಂಥದ್ದು ಏನೂ ಇಲ್ಲ ಅಂದರು. ಹಳೇ ಊರು ತೋರಿಸಿ ಅಂದರು. ಅಲ್ಲಿ ಬಿದ್ದಿದ್ದ ಕಲ್ಲುಮಣ್ಣಿನ ರಾಶಿ ನೋಡಿ ಅಳು ಬರುವ ಹಾಗಾಯಿತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಅವರು ಮಾಡಿದ್ದು ಇಷ್ಟು. ಬಿದ್ದ ಮನೆಗಳ ಕಲ್ಲು, ಮಣ್ಣು, ಒಳಗೆ ಉಳಿದ ಸಾಮಾನು ಎಲ್ಲವನ್ನೂ ಅಲ್ಲೇ ಬ್ಲಾಕ್ ಬ್ಲಾಕ್ ಆಗಿ ಒಟ್ಟಿ, ಮೇಲೆ ಬಿಳಿ ಸಿಮೆಂಟಿನ ಕಾಂಕ್ರೀಟು ಹೊದಿಸಿದರು. ಒಂದೊಂದು ಬ್ಲಾಕ್ ಸುಮಾರು 1.6 ಮೀಟರ್ ಎತ್ತರ. ನಡುವೆ ಎರಡು ಮೂರು ಮೀಟರ್ ಅಗಲದ ಓಣಿಗಳು. ಹಳೇ ಊರಿನ ಬೀದಿಗಳು ಎಲ್ಲಿದ್ದವೋ ಬಹುಪಾಲು ಅಲ್ಲೇ ಈ ಓಣಿಗಳೂ ಇವೆ. ಕೆಲಸ ಶುರುವಾಗಿದ್ದು 1984ರ ಹೊತ್ತಿಗೆ. 1989ರಲ್ಲಿ ದುಡ್ಡಿಲ್ಲದೆ ನಿಂತಿತು. ಬುರ್ರಿ 1995ರಲ್ಲಿ ತೀರಿಕೊಂಡರು. ಉಳಿದ ಭಾಗ ಮುಗಿಸಿದ್ದು 2015ರಲ್ಲಿ, ಅವರ ನೂರನೇ ವರ್ಷಕ್ಕೆ. ಒಟ್ಟು ಸುಮಾರು 80,000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಎಕರೆ. ಹೆಸರು ಗ್ರಾಂದೆ ಕ್ರೆತ್ತೊ, ಅಂದರೆ ದೊಡ್ಡ ಬಿರುಕು.

ನನಗೆ ಈ ಕೆಲಸ ತುಂಬ ಇಷ್ಟ. ಆದರೂ ಒಂದು ಪ್ರಶ್ನೆ ಬಿಡುತ್ತಿಲ್ಲ. ಅಲ್ಲಿ ಹುಟ್ಟಿದ ಮನುಷ್ಯ ತನ್ನ ಮನೆಯ ಒಂದು ಕಲ್ಲನ್ನಾದರೂ ಇನ್ನು ಮುಟ್ಟುವ ಹಾಗಿಲ್ಲ. ಇದು ಊರಿಗೆ ಮಾಡಿದ ಗೌರವವಾ, ಊರಿನ ಮೇಲೆ ಹಾಕಿದ ಮುಚ್ಚಳವಾ?

ಸಿಮೆಂಟುಮರಳು:
ನಾನು ಕಟ್ಟಡದ ಕೆಲಸದವನು. ಮೊದಲು ನನ್ನ ಕಡೆಯ ಲೆಕ್ಕ ಹೇಳುತ್ತೇನೆ. ಭೂಕಂಪ ಆದ ಊರಲ್ಲಿ ದೊಡ್ಡ ತಲೆನೋವು ಈ ಡೆಬ್ರಿ, ಅಂದರೆ ಬಿದ್ದ ಕಟ್ಟಡಗಳ ಕಲ್ಲುಮಣ್ಣು. ಎತ್ತಿ ಸಾಗಿಸಬೇಕು, ಎಲ್ಲೋ ಸುರಿಯಬೇಕು. ಸಾಮಾನ್ಯವಾಗಿ ಯಾವುದೋ ಹಳ್ಳಕ್ಕೆ ಸುರಿದು ಮರೆತುಬಿಡುತ್ತಾರೆ. ಇಲ್ಲಿ ಊರಿನ ಮಣ್ಣು ಊರಲ್ಲೇ ಉಳಿಯಿತು. ಅದೊಂದೇ ಕಾರಣಕ್ಕೆ ನನಗೆ ಬುರ್ರಿ ಮೇಲೆ ಗೌರವ.

ಆದರೆ ಬಿಳಿ ಕಾಂಕ್ರೀಟು ಬಿಳಿಯಾಗೇ ಉಳಿಯುತ್ತದೆ ಅಂತ ಯಾರು ಹೇಳಿದರು? 80ರ ದಶಕದಲ್ಲಿ ಹಾಕಿದ್ದು ಬೂದು ಬಣ್ಣಕ್ಕೆ ತಿರುಗಿದೆ. 2015ರಲ್ಲಿ ಹಾಕಿದ್ದು ಪಕ್ಕದಲ್ಲೇ ಹೊಳೆಯುತ್ತಿತ್ತು. ಫೋಟೊದಲ್ಲಿ ಎರಡು ಬಣ್ಣದ ಗಡಿ ಎದ್ದು ಕಾಣುತ್ತದೆ. ಬಿರುಕಲ್ಲಿ ಹುಲ್ಲು ಹುಟ್ಟುತ್ತದೆ, ಮಳೆ ನೀರು ಇಳಿಯುತ್ತದೆ. ಮನೆಗಾದರೆ ವಾರಸುದಾರ ಇರುತ್ತಾನೆ, ಸುಣ್ಣ ಬಳಿಯುತ್ತಾನೆ. ಇಪ್ಪತ್ತು ಎಕರೆ ಕಾಂಕ್ರೀಟನ್ನು ಯಾರು ನೋಡಿಕೊಳ್ಳಬೇಕು?

ಸುಮ್ನೆಓದುಗ:
ಹತ್ತು ವರ್ಷ ಶೆಡ್ಡಲ್ಲಿ ಇಟ್ಟು, ಆಮೇಲೆ ಸಿಮೆಂಟು ತಂದು ಹಳೇ ಊರಿಗೆ ಸುರಿದರಾ? ಆ ಸಿಮೆಂಟಲ್ಲಿ ಎಷ್ಟು ಮನೆ ಆಗುತ್ತಿತ್ತು ಅಂತ ಯಾರೂ ಕೇಳಲಿಲ್ವಾ?

ಗೋಡೆಗೀಚು:
ಕೇಳಿದರು. ಊರಿನವರಲ್ಲೇ ಎರಡು ಪಂಗಡ ಇತ್ತು. ಆದರೆ ನೀವು ಹೇಳುವ ಅನ್ಯಾಯ ಬುರ್ರಿ ಬರುವ ಎಷ್ಟೋ ಮೊದಲೇ ಆಗಿತ್ತು. ಮನೆ ಕಟ್ಟಿಕೊಡುವ ಬದಲು ಸರ್ಕಾರ ಜನಕ್ಕೆ ಪಾಸ್‌ಪೋರ್ಟು, ರೈಲು ಟಿಕೆಟ್ಟು ಕೊಟ್ಟು ಬೇರೆ ಕಡೆ ಹೋಗಿ ಅಂತ ಕಳಿಸಿತು. ತುಂಬ ಜನ ಹೋದರು ಕೂಡ. ಉಳಿದವರು ರೋಮ್‌ಗೆ ಹೋಗಿ ಸಂಸತ್ತಿನ ಮುಂದೆ ಧರಣಿ ಕೂತರು. ಮನೆಗಳು ತಡವಾಗಿದ್ದು ಸಿಮೆಂಟು ಸಾಲದೆ ಅಲ್ಲ. ಕ್ರೆತ್ತೊ ಶುರುವಾಗುವ ಹೊತ್ತಿಗೆ ಜನ ಹೊಸ ಊರಿಗೆ ಹೋಗಿಯಾಗಿತ್ತು.

ಮಲಪ್ರಭಾದಂಡಿ:
ನಿಮ್ಮ ಹೊಸ ಊರಿನ ಮಾತು ಬಂತಲ್ಲ, ಅಲ್ಲೇ ನಿಲ್ಲಿರಿ ಸ್ವಲ್ಪ. 2009ರ ನೆರೆ ನೆನಪಿದೆಯಾ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಬಾಗಲಕೋಟೆ, ವಿಜಾಪುರ, ಗದಗ, ರಾಯಚೂರು ಕಡೆ ಹಳ್ಳಿ ಹಳ್ಳಿಗಳೇ ನೀರಲ್ಲಿ ನಿಂತವು. ಮಣ್ಣಿನ ಮನೆಗಳು ನೆನೆದು ಕುಸಿದವು. ಆಮೇಲೆ ಎತ್ತರದ ಜಾಗ ನೋಡಿ ನವಗ್ರಾಮ ಕಟ್ಟಿಕೊಟ್ಟರು. ನಮ್ಮ ಊರಿಗೂ ಬಂತು.

ಸಾಲು ಸಾಲು ಒಂದೇ ಅಳತೆಯ ಮನೆ. ದನ ಕಟ್ಟಲು ಜಾಗ ಇಲ್ಲ. ಬಣವಿ ಒಟ್ಟಲು ಹಿತ್ತಲಿಲ್ಲ. ಹೊಲ ದೂರ. ಅಣ್ಣ ತಮ್ಮಂದಿರ ಮನೆ ಒಂದು ಆ ತುದಿ, ಒಂದು ಈ ತುದಿ. ನಮ್ಮ ದೊಡ್ಡಪ್ಪ ಹೊಸ ಮನೆಗೆ ಬೀಗ ಹಾಕಿ ಹಳೇ ಊರಿಗೆ ವಾಪಸ್ ಹೋದರು. ಬಿದ್ದ ಗೋಡೆಗೆ ತಗಡು ಹಾಕಿಕೊಂಡು ಎಮ್ಮೆ ಜೊತೆಗೆ ಇದ್ದರು. ಹೊಸ ಊರಲ್ಲಿ ಸತ್ತರೆ ಯಾರಿಗೆ ಗೊತ್ತಾಗಬೇಕು ಅನ್ನುತ್ತಿದ್ದರು.

ಅದಕ್ಕೇ ಕೇಳುತ್ತೇನೆ. ಹಳೇ ಊರಿನ ಮೇಲೆ ಇಷ್ಟು ಚಂದ ಮಾಡಿದರು. ಹೊಸ ಊರು ಹೇಗಿದೆ? ಜನ ಅಲ್ಲಿ ಕಟ್ಟೆ ಮೇಲೆ ಕೂರುತ್ತಾರಾ?

ಗೋಡೆಗೀಚು:
ಈ ಪ್ರಶ್ನೆಗೆ ದಂಡಿಯವರೇ, ಉತ್ತರ ಖುಷಿಯದಲ್ಲ. ಹೊಸ ಜಿಬೆಲ್ಲೀನಾ ನೋಡಲು ವಿಚಿತ್ರ ಊರು. ಬಾಗಿಲಲ್ಲೇ ಪಿಯೆತ್ರೊ ಕೊನ್ಸಾಗ್ರಾ ಮಾಡಿದ 26 ಮೀಟರ್ ಎತ್ತರದ ಸ್ಟೀಲಿನ ನಕ್ಷತ್ರ. ಹೆಜ್ಜೆಗೊಂದು ಶಿಲ್ಪ, ಹೆಸರಾಂತ ವಾಸ್ತುಶಿಲ್ಪಿಗಳ ಕಟ್ಟಡ. ಬೀದಿ ಮಾತ್ರ ವಿಪರೀತ ಅಗಲ. ಹಳೇ ಊರು ಗುಡ್ಡದ ಮೇಲಿನ ಇಕ್ಕಟ್ಟಿನ ಓಣಿಗಳದ್ದು. ಮನೆ ಮುಂದೆ ಕುರ್ಚಿ ಹಾಕಿ ಕೂತರೆ ಎದುರು ಮನೆಯವರ ಜೊತೆ ಮಾತಾಡಬಹುದಿತ್ತು. ಹೊಸದರಲ್ಲಿ ಚೌಕ ಇದೆ, ಚೌಕದಲ್ಲಿ ಜನ ಇಲ್ಲ. ಈಗ ಊರಿನ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಲುಡೊವಿಕೊ ಕ್ವಾರೊನಿ ಯೋಜಿಸಿದ ಚರ್ಚು ಇದೆ, ದೊಡ್ಡ ಬಿಳಿ ಗೋಳ ಇರುವಂಥದ್ದು. ಅದರ ಚಾವಣಿ 1994ರಲ್ಲಿ ಕುಸಿಯಿತು. ಭೂಕಂಪ ಇಲ್ಲದೆಯೇ!

ಸಿಮೆಂಟುಮರಳು:
ಅಯ್ಯೋ. ಭೂಕಂಪದಿಂದ ಓಡಿ ಬಂದವರ ಊರಲ್ಲಿ ತಾನಾಗೇ ಕುಸಿಯುವ ಚಾವಣಿ. ಇದನ್ನು ಯಾವ ಕಲಾವಿದನೂ ಯೋಚಿಸಿ ಮಾಡಲಾರ.

ಪಡಸಾಲೆ:
ನವಗ್ರಾಮದ ಮಾತಿಗೆ ಒಂದು ಸೇರಿಸುತ್ತೇನೆ. ಹಳೇ ಬಾಗಲಕೋಟೆ ಮತ್ತು ನವನಗರ ಕೂಡ ಇದೇ ಕಥೆ ಅಲ್ವಾ? ಅರ್ಧ ಊರು ನೀರಿಗೆ ಹೋಯಿತು. ಮುಳುಗಡೆ ಊರುಗಳ ಮೇಲೆ ಯಾರೂ ಒಂದು ಕಲ್ಲು ನೆಡಲಿಲ್ಲ.

ಸುಮ್ನೆಓದುಗ:
ಅದು ಆಲಮಟ್ಟಿ ಅಣೆಕಟ್ಟು. ನೈಸರ್ಗಿಕ ವಿಕೋಪ ಅಲ್ಲ, ನಾವೇ ಮಾಡಿದ್ದು.

ಪಡಸಾಲೆ:
ನೆಲ ನಡುಗುವುದು ನೈಸರ್ಗಿಕ, ಸರಿ. ಮನೆ ಬೀಳುವುದರಲ್ಲಿ ಮನುಷ್ಯನ ಪಾಲು ಎಷ್ಟು ಅಂತಾನೂ ಕೇಳಬೇಕಲ್ಲ.

ಹಳೇಪೇಪರ್:
ಪಡಸಾಲೆಯವರು ಎತ್ತಿದ್ದು ಸರಿಯಾದ ಎಳೆ. ಅದನ್ನೇ ಹಿಡಿದು ಚೀನಾಕ್ಕೆ ಹೋಗೋಣ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2008ರ ಮೇ 12, ಮಧ್ಯಾಹ್ನ 2 ಗಂಟೆ 28 ನಿಮಿಷ. ಸಿಚುವಾನ್ ಭೂಕಂಪ. ಸತ್ತವರು ಸುಮಾರು 69,000, ನಾಪತ್ತೆಯಾದವರು ಸುಮಾರು 18,000. ಮಕ್ಕಳು ಶಾಲೆಯಲ್ಲಿದ್ದ ಹೊತ್ತು. ಎಷ್ಟೋ ಕಡೆ ಸುತ್ತಲಿನ ಕಟ್ಟಡ ನಿಂತಿದ್ದವು, ಶಾಲೆ ಮಾತ್ರ ಕುಸಿದಿತ್ತು. ಕಳಪೆ ಕಾಮಗಾರಿಗೆ ಚೀನಾದ ಜನ ತೋಫು ಗಸಿ ಅನ್ನುತ್ತಾರೆ. ಅಪ್ಪ ಅಮ್ಮಂದಿರು ಕೇಳಿದ್ದು ದೊಡ್ಡದೇನಲ್ಲ. ಎಷ್ಟು ಮಕ್ಕಳು ಸತ್ತರು, ಅವರ ಹೆಸರೇನು, ಕಟ್ಟಡ ಯಾಕೆ ಬಿತ್ತು. ಸರ್ಕಾರ ಬಾಯಿ ಬಿಡಲಿಲ್ಲ.

ಆಗ ಕಲಾವಿದ ಐ ವೇವೇ ಇಂಟರ್ನೆಟ್ಟಿನಲ್ಲಿ ಸ್ವಯಂಸೇವಕರನ್ನು ಕೂಡಿಸಿದರು. ಅವರು ಹಳ್ಳಿ ಹಳ್ಳಿ ತಿರುಗಿ, ಮನೆ ಬಾಗಿಲು ತಟ್ಟಿ ಹೆಸರು ಬರೆದುಕೊಂಡರು. ಪೊಲೀಸರು ಹಿಡಿದರು, ಬರೆದಿದ್ದನ್ನು ಕಿತ್ತುಕೊಂಡರು, ಇವರು ಮತ್ತೆ ಹೋದರು. ಕೊನೆಗೆ 5,000ಕ್ಕೂ ಹೆಚ್ಚು ಮಕ್ಕಳ ಪಟ್ಟಿ ಸಿಕ್ಕಿತು. 2009ರ ಮೇ ತಿಂಗಳಲ್ಲಿ ಅವರ ಬ್ಲಾಗ್ ಮುಚ್ಚಿಸಿದರು. ಆಗಸ್ಟಿನಲ್ಲಿ ಚೆಂಗ್ಡುವಿನ ಹೋಟೆಲ್ ಕೋಣೆಗೆ ಪೊಲೀಸರು ನುಗ್ಗಿ ತಲೆಗೆ ಹೊಡೆದರು. ಅವರು ಅಲ್ಲಿಗೆ ಹೋಗಿದ್ದು ಇದೇ ಶಾಲೆಗಳ ತನಿಖೆ ಮಾಡಿದ್ದ ತಾನ್ ಜುವೊರೆನ್ ಪರ ಸಾಕ್ಷಿ ಹೇಳಲು. ಮುಂದಿನ ತಿಂಗಳು ಮ್ಯೂನಿಕ್‌ನಲ್ಲಿ ಮಿದುಳಿನ ರಕ್ತಸ್ರಾವಕ್ಕೆ ಆಪರೇಷನ್ ಆಯಿತು.

ಅದೇ ಊರಲ್ಲಿ, ಅದೇ ವರ್ಷ, ಹೌಸ್ ದೆರ್ ಕುನ್ಸ್ಟ್ ಎಂಬ ಮ್ಯೂಸಿಯಮ್ಮಿನ ಮುಂಗೋಡೆಯ ಮೇಲೆ 9,000 ಸ್ಕೂಲ್ ಬ್ಯಾಗು ಜೋಡಿಸಿದರು. ಬ್ಯಾಗುಗಳ ಬಣ್ಣದಲ್ಲೇ ಚೀನೀ ಅಕ್ಷರ ಮೂಡುವ ಹಾಗೆ. ಒಬ್ಬ ತಾಯಿ ಬರೆದ ಸಾಲು ಅದು. ಈ ಲೋಕದಲ್ಲಿ ಅವಳು ಏಳು ವರ್ಷ ಸಂತೋಷವಾಗಿ ಬಾಳಿದಳು ಅಂತ.

ಇನ್ನೊಂದು ಕೃತಿ ಸ್ಟ್ರೇಟ್. ಬಿದ್ದ ಶಾಲೆಗಳ ಕಂಬಿಗಳು ಗುಜರಿಗೆ ಹೋಗಿದ್ದವಲ್ಲ, ಅವನ್ನು ಸದ್ದಿಲ್ಲದೆ ಕೊಂಡು ಬೀಜಿಂಗಿಗೆ ತರಿಸಿದರು. ಸೊಟ್ಟಗಾದ ಒಂದೊಂದೇ ಕಂಬಿಯನ್ನು ಕೆಲಸಗಾರರು ಸುತ್ತಿಗೆಯಿಂದ ತಟ್ಟಿ ನೇರ ಮಾಡಿದರು. ವರ್ಷಗಟ್ಟಲೆ ನಡೆದ ಕೆಲಸ. 2011ರಲ್ಲಿ ಐ ವೇವೇ ಅವರನ್ನು 81 ದಿನ ಬಂಧನದಲ್ಲಿ ಇಟ್ಟರು. 2013ರಲ್ಲಿ ವೆನಿಸ್‌ನಲ್ಲಿ ಇಟ್ಟಾಗ ಕಂಬಿಯ ತೂಕ 150 ಟನ್. ನೆಲದ ಮೇಲೆ ಅಲೆ ಅಲೆಯಾಗಿ ಜೋಡಿಸಿದ್ದು, ನಡುವೆ ಬಿರುಕು.

ಈಗ ಬುರ್ರಿಗೆ ಬನ್ನಿ. ಬುರ್ರಿ ಮುಚ್ಚಿದರು, ಇವರು ಅಗೆದು ತೆಗೆದರು. ಸ್ಟ್ರೇಟ್ ನೋಡಿದವನು ಈ ಕಂಬಿ ಇಷ್ಟು ಸಣ್ಣ ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ಕ್ರೆತ್ತೊ ನೋಡಿದವನಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ನನಗೆ ಅದೇ ಕೊರತೆ.

ಸಿಮೆಂಟುಮರಳು:
ಕಂಬಿ ಸಣ್ಣ ಇರುವುದಷ್ಟೇ ಅಲ್ಲ ಸರ್. ಕಂಬ ಮತ್ತು ತೊಲೆ ಸೇರುವ ಕಡೆ ರಿಂಗು ಹತ್ತಿರ ಹತ್ತಿರ ಕಟ್ಟಬೇಕು. ಅಲ್ಲಿ ಉಳಿಸಲು ಹೋಗುತ್ತಾರೆ. ಶಾಲೆಗಳಲ್ಲಿ ದೊಡ್ಡ ಕೋಣೆ, ದೊಡ್ಡ ಕಿಟಕಿ, ಒಳಗೋಡೆ ಕಡಿಮೆ. ಅಡ್ಡ ಅಲುಗಾಟಕ್ಕೆ ಬೇಗ ಸೋಲುತ್ತವೆ. ಆ 150 ಟನ್ ಕಂಬಿಯ ಮುಂದೆ ನನ್ನ ಸೈಟಿನ ಹುಡುಗರನ್ನು ಒಂದು ಗಂಟೆ ನಿಲ್ಲಿಸಿದರೆ ಸಾಕು ಅನ್ನಿಸುತ್ತದೆ. ಸೇಫ್ಟಿ ಮೀಟಿಂಗ್‌ಗಿಂತ ಜಾಸ್ತಿ ಕಲಿಯುತ್ತಾರೆ.

ಕುಂಚದಕಡ್ಡಿ:
ಹಳೇಪೇಪರ್ ಸರ್, ಬರೆದಿದ್ದು ಚೆನ್ನಾಗಿದೆ. ಬುರ್ರಿಗೆ ಮಾತ್ರ ಅನ್ಯಾಯ ಮಾಡಿದಿರಿ. ಅವರು ಮೊದಲು ಡಾಕ್ಟರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು ಸೆರೆ ಸಿಕ್ಕಿ ಟೆಕ್ಸಾಸ್‌ನ ಹೆರೆಫರ್ಡ್ ಶಿಬಿರದಲ್ಲಿ ಕಳೆದರು. ಚಿತ್ರ ಬರೆಯಲು ಶುರು ಮಾಡಿದ್ದೇ ಅಲ್ಲಿ. ಗೋಣಿ ತಾಟು ಹೊಲಿದು, ಪ್ಲಾಸ್ಟಿಕ್ ಸುಟ್ಟು ಕೃತಿ ಮಾಡಿದ ಮನುಷ್ಯ. 70ರ ದಶಕದಲ್ಲಿ ಕ್ರೆತ್ತಿ ಅಂತ ಒಂದು ಸರಣಿ ಮಾಡಿದರು. ಬಿಳಿ ಬಣ್ಣದ ಪುಡಿ, ಜೇಡಿ, ಅಂಟು ಕಲಸಿ ಹಲಗೆಯ ಮೇಲೆ ದಪ್ಪಗೆ ಬಳಿಯುವುದು. ಒಣಗುತ್ತಾ ಅದು ತಾನಾಗೇ ಒಡೆಯುತ್ತದೆ, ಬೇಸಿಗೆಯ ಕೆರೆಯಂಗಳದ ಹಾಗೆ. ಬಿರುಕು ಸಾಕು ಅನ್ನಿಸಿದಾಗ ಮೇಲೆ ಅಂಟು ಹಚ್ಚಿ ನಿಲ್ಲಿಸುತ್ತಿದ್ದರು.

ಅಂದರೆ ಜಿಬೆಲ್ಲೀನಾಕ್ಕೆ ಅಂತ ಹೊಸದಾಗಿ ಹುಟ್ಟಿಸಿದ ಉಪಾಯ ಅಲ್ಲ ಅದು. ಜೀವಮಾನವಿಡೀ ಗಾಯ, ಹೊಲಿಗೆ, ಬಿರುಕು ಇವುಗಳ ಜೊತೆಗೇ ಕೆಲಸ ಮಾಡಿದವರು ಗಾಯದ ಊರಿಗೆ ಬಂದರು. ಮತ್ತೆ ಒಂದು ಮಾತು. ಕ್ರೆತ್ತೊವನ್ನು ಮೇಲಿಂದ ಡ್ರೋನ್ ಫೋಟೊದಲ್ಲಿ ನೋಡಿ ಎಲ್ಲರೂ ತೀರ್ಪು ಕೊಡುತ್ತೇವೆ. ಒಳಗೆ ನಡೆಯುವವರಿಗೆ ಬ್ಲಾಕ್ ಭುಜದ ತನಕ ಬರುತ್ತದೆ. ತಲೆ ಮಾತ್ರ ಹೊರಗೆ. ಪಕ್ಕದ ಓಣಿಯಲ್ಲಿ ನಡೆಯುವವರ ತಲೆ ಕಾಣುತ್ತದೆ, ಅವರನ್ನು ಹೋಗಿ ಸೇರಲು ಸುತ್ತು ಹಾಕಬೇಕು. ಆ ಅಳತೆ ಸುಮ್ನೆ ಬಂದಿದ್ದಲ್ಲ.

ಸುಮ್ನೆಓದುಗ:
ಅಲ್ಲಿ ಬದುಕಿದ್ದವರ ಹೆಸರು ಒಂದಾದರೂ ಇದೆಯಾ ಆ ಸಿಮೆಂಟಿನ ಮೇಲೆ?

ಕುಂಚದಕಡ್ಡಿ:
ಇಲ್ಲ. ಬ್ಲಾಕ್ ಮೇಲೆ ಒಂದು ಅಕ್ಷರವೂ ಇಲ್ಲ. ನನಗೆ ಅದು ಇಷ್ಟ.

ಮಲಪ್ರಭಾದಂಡಿ:
ನಿಮಗೆ ಇಷ್ಟ ಆಗಬಹುದು ತಂಗಿ. ನಿಮ್ಮ ಅವ್ವನ ಹೆಸರು ಅದರ ಕೆಳಗೆ ಇಲ್ಲವಲ್ಲ.

ನಿರ್ವಾಹಕ:
ಮಾತು ಬಿಸಿ ಆಗುತ್ತಿದೆ. ಆಗಲಿ, ಆದರೆ ವ್ಯಕ್ತಿಗಳ ಮೇಲೆ ಬೇಡ. ನಮ್ಮ ರಾಜ್ಯದ ಪಕ್ಷಗಳನ್ನು ಎಳೆದು ತಂದ ಎರಡು ಕಾಮೆಂಟು ತೆಗೆದಿದ್ದೇನೆ.

ದಕ್ಷಿಣದ್ವೀಪ:
ಹೆಸರಿನ ವಿಚಾರಕ್ಕೆ ನಾನಿರುವ ಊರಿನ ಉದಾಹರಣೆ ಹೇಳುತ್ತೇನೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್. 2011ರ ಫೆಬ್ರವರಿ 22, ಮಧ್ಯಾಹ್ನ 12:51ರ ಭೂಕಂಪದಲ್ಲಿ 185 ಜನ ಹೋದರು. ಅವರಲ್ಲಿ 115 ಜನ ಒಂದೇ ಕಟ್ಟಡದಲ್ಲಿ, ಸಿಟಿವಿ ಕಟ್ಟಡ. ಅದರಲ್ಲೊಂದು ಇಂಗ್ಲಿಷ್ ಕಲಿಸುವ ಶಾಲೆ ಇತ್ತು, ಜಪಾನ್ ಚೀನಾದಿಂದ ಬಂದ ವಿದ್ಯಾರ್ಥಿಗಳು ತುಂಬ ಜನ ಸಿಕ್ಕಿಕೊಂಡರು.

ಒಂದು ವರ್ಷ ಆದಾಗ ಪೀಟರ್ ಮಜೆಂಡಿ ಎಂಬ ಕಲಾವಿದರು 185 ಕುರ್ಚಿ ಕೂಡಿಸಿ ಬಿಳಿ ಬಣ್ಣ ಬಳಿದು ಖಾಲಿ ಸೈಟಿನಲ್ಲಿ ಸಾಲಾಗಿ ಇಟ್ಟರು. ಎಲ್ಲ ಬೇರೆ ಬೇರೆ ಥರದವು. ಊಟದ ಮೇಜಿನ ಕುರ್ಚಿ, ಆಫೀಸು ಕುರ್ಚಿ, ಗಾಲಿಕುರ್ಚಿ, ಕಾರಲ್ಲಿ ಕೂಸನ್ನು ಮಲಗಿಸುವ ತೊಟ್ಟಿಲು. ಒಂದರ ಮೇಲೂ ಹೆಸರಿಲ್ಲ. ನಿಮ್ಮನ್ನು ಯಾವ ಕುರ್ಚಿ ಕರೆಯುತ್ತದೋ ಅದರಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ ಅನ್ನುತ್ತಾರೆ. ಕೆಲವು ದಿನಕ್ಕೆ ಅಂತ ಇಟ್ಟಿದ್ದು ವರ್ಷಗಳು ನಿಂತಿತು.

ಆಮೇಲೆ 2017ರಲ್ಲಿ ಸರ್ಕಾರದ ಸ್ಮಾರಕ ಬಂತು. ಏವನ್ ನದಿ ದಡದಲ್ಲಿ ಉದ್ದದ ಅಮೃತಶಿಲೆ ಗೋಡೆ, ಮೇಲೆ 185 ಹೆಸರು. ಚೆನ್ನಾಗಿದೆ, ಶಾಸ್ತ್ರೋಕ್ತವಾಗಿದೆ. ಜನ ಹೂವು ಇಡುತ್ತಾರೆ. ಆದರೆ ಊರಿಗೆ ನೆಂಟರು ಬಂದಾಗ ಮೊದಲು ನಾನು ಕರೆದುಕೊಂಡು ಹೋಗುವುದು ಕುರ್ಚಿಗಳ ಹತ್ತಿರ. ಹೆಸರು ಬೇಕೇ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ ದಂಡಿ ಸರ್. ಆ ತೊಟ್ಟಿಲಿಗೆ ಹೆಸರು ಬೇಕಾಗಿಲ್ಲ.

ಮಲಪ್ರಭಾದಂಡಿ:
ಒಪ್ಪುತ್ತೇನೆ ಅಂತ ಅಲ್ಲ. ಆದರೆ ಕುರ್ಚಿ ಅರ್ಥ ಆಯಿತು ನೋಡ್ರಿ. ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋದರೂ ಅರ್ಥ ಆಗುತ್ತದೆ. ಸಿಮೆಂಟಿಗೆ ನೀವೆಲ್ಲ ಇಷ್ಟು ಉದ್ದ ಬರೆಯಬೇಕಾಯಿತು.

ಎಡವಟ್ಟುರಾಯ:
ಎಲ್ಲರೂ ಕಲಾವಿದ ಏನು ಮಾಡಿದ ಅಂತ ಮಾತಾಡುತ್ತಿದ್ದೀರಿ. ಜನ ಬೇಡ ಅಂದ ಉದಾಹರಣೆ ಯಾರೂ ಹೇಳಲಿಲ್ಲ. ಜಪಾನಿನ ಕೆಸೆನ್ನುಮಾ. 2011ರ ಮಾರ್ಚ್ 11ರ ಸುನಾಮಿ 330 ಟನ್ ತೂಕದ ಮೀನುಗಾರಿಕೆ ಹಡಗೊಂದನ್ನು ಬಂದರಿನಿಂದ ಅರ್ಧ ಕಿಲೋಮೀಟರಿಗೂ ಜಾಸ್ತಿ ಒಳಗೆ ತಂದು ರಸ್ತೆ ಪಕ್ಕ ನಿಲ್ಲಿಸಿತು. ಕ್ಯೋತೊಕು ಮಾರು 18. ಬೇರೆ ಊರಿನವರು ಬಸ್ಸು ಮಾಡಿಕೊಂಡು ಬಂದು ನೋಡಿದರು, ಕೈ ಮುಗಿದರು, ಫೋಟೊ ತೆಗೆದರು. ಇದನ್ನೇ ಸ್ಮಾರಕ ಮಾಡೋಣ ಅಂದರು ಮೇಯರ್. ಊರಿನವರ ಅಭಿಪ್ರಾಯ ಕೇಳಿದಾಗ ಬಹುಪಾಲು ಜನ ಬೇಡ ಅಂದರು. ದಿನಾ ಬೆಳಗ್ಗೆ ಎದ್ದು ಅದರ ಮುಖ ನೋಡಬೇಕಾದವರು ಅವರು. 2013ರಲ್ಲಿ ಒಡೆದು ಗುಜರಿಗೆ ಹಾಕಿದರು.

ಅದೇ ಸುನಾಮಿಯಲ್ಲಿ ರಿಕುಜೆಂತಕಾತಾ ಊರಿನ ಕಡಲ ದಂಡೆಯ 70,000 ಪೈನ್ ಮರಗಳಲ್ಲಿ ಒಂದು ಉಳಿಯಿತು. ಉಪ್ಪುನೀರಿಗೆ ಅದೂ ಮರುವರ್ಷ ಸತ್ತಿತು. ಆಮೇಲೆ ಅದನ್ನು ಕಡಿದು, ಒಳಗೆ ಟೊಳ್ಳು ಮಾಡಿ, ನಡುವೆ ಸರಳು ತೂರಿಸಿ, ಕೃತಕ ಎಲೆ ಅಂಟಿಸಿ ಮತ್ತೆ ನಿಲ್ಲಿಸಿದರು. ಸುಮಾರು 15 ಕೋಟಿ ಯೆನ್ ಖರ್ಚು, ದೇಣಿಗೆ ಎತ್ತಿದ್ದು. ಸತ್ತ ಮರಕ್ಕೆ ಅಷ್ಟು ದುಡ್ಡಾ ಅಂತ ಆಗ ಅಲ್ಲೂ ಕೇಳಿದರು, ನಮ್ಮ ಸುಮ್ನೆಓದುಗರು ಇಲ್ಲಿ ಕೇಳಿದ ಹಾಗೆ.

ಸುಮ್ನೆಓದುಗ:
ನನ್ನ ಮಾತು ಜಪಾನಿನಲ್ಲೂ ನಡೆಯುತ್ತದೆ ಅಂತ ಗೊತ್ತಾಗಿ ಖುಷಿಯಾಯಿತು.

ಅರಬ್ಬೀಹಕ್ಕಿ:
ಹತ್ತಿರದ ಕಥೆಗೆ ಬರೋಣ. 2018ರ ಆಗಸ್ಟಿನ ಕೇರಳ ಪ್ರವಾಹ. ನಾನೂರಕ್ಕೂ ಜಾಸ್ತಿ ಜನ ಹೋದರು. ಅದೇ ಡಿಸೆಂಬರಿನಲ್ಲಿ ಕೊಚ್ಚಿಯ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ, ಶುರುವಾಯಿತು. ಬೇಕಿತ್ತಾ ಅಂತ ಆಗಲೂ ಮಾತು ಬಂತು. ನಾನು ಹೋಗಿದ್ದೆ. ಆಸ್ಪಿನ್‌ವಾಲ್ ಹೌಸ್‌ನಲ್ಲಿ ಬಾಂಗ್ಲಾದೇಶದ ಮಾರ್ಜಿಯಾ ಫರ್ಹಾನಾ ಅವರ ಕೃತಿ ಇತ್ತು. ನೆರೆಯಲ್ಲಿ ಹಾಳಾದ ಮನೆಸಾಮಾನುಗಳನ್ನೇ ಕೂಡಿಸಿ ತಂದಿದ್ದರು. ಫ್ರಿಜ್ಜು, ಪೀಠೋಪಕರಣ, ನೀರು ಕುಡಿದು ಉಬ್ಬಿದ ಪುಸ್ತಕ ಎಲ್ಲ ಚಾವಣಿಯಿಂದ ನೇತು ಬಿದ್ದಿದ್ದವು. ನೀವು ಕೆಳಗೆ ನಿಂತರೆ ನೀರಿನ ತಳದಲ್ಲಿ ನಿಂತ ಹಾಗೆ. ನನ್ನ ಪಕ್ಕ ಒಬ್ಬ ಹೆಂಗಸು ಮಲಯಾಳದಲ್ಲಿ, ನಮ್ಮ ಮನೆಯದೂ ಇದೇ ಕಂಪನಿ ಫ್ರಿಜ್ಜು ಅಂದರು. ಅಷ್ಟೇ ಅಂದಿದ್ದು. ನಕ್ಕರು ಕೂಡ.

ಆದರೆ ನನಗೆ ಆ ವರ್ಷದ್ದು ಜಾಸ್ತಿ ನೆನಪಿರುವುದು ಚೇಕುಟ್ಟಿ ಗೊಂಬೆ. ಚೇಂದಮಂಗಲಂ ಅಂತ ಕೈಮಗ್ಗದ ಊರು. ಓಣಂಗೆ ಅಂತ ನೇಯ್ದಿಟ್ಟಿದ್ದ ಸೀರೆಗಳೆಲ್ಲ ಕೆಸರಾಗಿ ಕಲೆ ಹಿಡಿದವು. ಅವನ್ನು ಸುಡುವ ಬದಲು ಒಗೆದು, ಕತ್ತರಿಸಿ ಸಣ್ಣ ಗೊಂಬೆ ಮಾಡಿದರು. ಒಂದಕ್ಕೆ 25 ರೂಪಾಯಿ. ಕಲೆ ಕಾಣುವ ಹಾಗೆಯೇ ಬಿಟ್ಟರು. ದುಡ್ಡು ನೇಕಾರರಿಗೆ ಹೋಯಿತು. ದೊಡ್ಡ ಕಲೆ ಅಂತ ಇದನ್ನು ಯಾರೂ ಕರೆಯುವುದಿಲ್ಲ. ಆದರೆ ಸಾವಿರಾರು ಬ್ಯಾಗಿಗೆ ನೇತು ಬಿದ್ದ ಗೊಂಬೆಗಳನ್ನೆಲ್ಲ ಸೇರಿಸಿ ನೋಡಿದರೆ ಅದಕ್ಕಿಂತ ದೊಡ್ಡ ಇನ್‌ಸ್ಟಲೇಷನ್ ಇನ್ನೊಂದಿಲ್ಲ.

ಕುಂಚದಕಡ್ಡಿ:
ಅಕ್ಕ, ಗೊಂಬೆ ಒಳ್ಳೆಯದೇ. ಆದರೆ ಎಲ್ಲ ಕಲೆಯೂ ದುಡ್ಡು ವಾಪಸ್ ತರಬೇಕು ಅಂದರೆ ಹೇಗೆ?

ಅರಬ್ಬೀಹಕ್ಕಿ:
ಎಲ್ಲವೂ ಅಂದೆನಾ? ಒಂದಾದರೂ ತಂದರೆ ಪಟ್ಟಿಯಲ್ಲಿ ಸೇರಿಸಿಕೊಳ್ಳಿ ಅಂದೆ.

ಕಾಫಿಗಿಡ:
ನಾನು ಕೊಡಗಿನವಳು. 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಇಳಿದಿದ್ದು ಎಲ್ಲರಿಗೂ ಗೊತ್ತು. ನಮ್ಮ ಕಡೆ ಇಂಥದ್ದೇನಾದರೂ ಮಾಡಬೇಕು ಅಂತ ಯಾರಾದರೂ ಪ್ಲಾನ್ ಹಾಕುತ್ತಿದ್ದರೆ ದಯವಿಟ್ಟು ಬೇಡ. ಜಿಬೆಲ್ಲೀನಾದಲ್ಲಿ ಕಲ್ಲು ಉಳಿದಿತ್ತು, ಮೇಲೆ ಹೊದಿಸಿದರು. ಇಲ್ಲಿ ಮನೆ ಇದ್ದ ಜಾಗವೇ ಉಳಿಯಲಿಲ್ಲ. ತೋಟ ಕೆಳಗಿನ ಹೊಳೆಗೆ ಹೋಯಿತು. ಗಡಿಕಲ್ಲೂ ಹೋಯಿತು. ಅಂಥ ಇಳಿಜಾರಿಗೆ ಸಿಮೆಂಟಿನ ಭಾರ ಹೇರಿದರೆ ಮುಂದಿನ ಮಳೆಗೆ ಅದೂ ಇಳಿಯುತ್ತದೆ. ಸಿಮೆಂಟುಮರಳು ಅವರು ಹೇಳಲಿ.

ಸಿಮೆಂಟುಮರಳು:
ನೂರಕ್ಕೆ ನೂರು ನಿಜ. ಜಾರುವ ಗುಡ್ಡಕ್ಕೆ ಬೇಕಾಗಿರುವುದು ನೀರು ಹರಿದು ಹೋಗುವ ದಾರಿ. ಮೇಲೆ ಭಾರ ಇಡುವುದಲ್ಲ, ಬುಡ ಕಡಿಯುವುದೂ ಅಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂದಾಗಲೂ ಬುಡ ಕಡಿದ ವಿಚಾರವೇ ಚರ್ಚೆಗೆ ಬಂತು.

ಇದಕ್ಕೆ ಭುಜ್‌ನ ಸ್ಮೃತಿವನ ನೋಡಿ. 2001ರ ಜನವರಿ 26ರ ಭೂಕಂಪದ್ದು. ಭುಜಿಯಾ ಗುಡ್ಡದ ಮೇಲೆ 470 ಎಕರೆ, 2022ರಲ್ಲಿ ತೆರೆದರು. ಗುಡ್ಡದ ಮೇಲೆ ಸಣ್ಣ ಸಣ್ಣ ಚೆಕ್‌ಡ್ಯಾಮ್ ಕಟ್ಟಿ ಮಳೆನೀರು ನಿಲ್ಲಿಸಿದ್ದಾರೆ. ಸತ್ತವರ ಹೆಸರಿನ ಫಲಕಗಳು ಆ ಕಟ್ಟೆಗಳ ಮೇಲೆ ಇವೆ, ಹನ್ನೆರಡು ಸಾವಿರಕ್ಕೂ ಜಾಸ್ತಿ. ಸುತ್ತ ಗಿಡ ನೆಟ್ಟಿದ್ದಾರೆ. ಕಚ್ಛ್ ಅಂದರೆ ಮಳೆ ಕಡಿಮೆ ಇರುವ ಕಡೆ, ಅಲ್ಲಿ ನೀರು ನಿಂತರೆ ಅದೇ ಹಬ್ಬ. ಹೆಸರೂ ಇದೆ, ಕೆಲಸಕ್ಕೂ ಬರುತ್ತದೆ. ದಂಡಿ ಸರ್‌ಗೂ ಸುಮ್ನೆಓದುಗರಿಗೂ ಒಟ್ಟಿಗೆ ಹಿಡಿಸುವ ಒಂದೇ ಸ್ಮಾರಕ ಇದು ಅಂತ ಕಾಣುತ್ತದೆ.

ಹಳೇಪೇಪರ್:
ಹಿಡಿಸಬಹುದು. ಆದರೆ ಅಲ್ಲೂ ಕಟ್ಟಡಗಳು ಯಾಕೆ ಬಿದ್ದವು ಅಂತ ಕೇಳುವ ಕೆಲಸವನ್ನು ಚೆಕ್‌ಡ್ಯಾಮು ಮಾಡುವುದಿಲ್ಲ. ಅಹಮದಾಬಾದಿನಲ್ಲಿ ಆಗ ಹೊಸ ಅಪಾರ್ಟ್‌ಮೆಂಟುಗಳು ಬಿದ್ದಿದ್ದವು, ಮರೆಯಬೇಡಿ. ಭೂಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ ಅದು.

ಕಲಬುರಗಿಬಿಸಿಲು:
1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಕಡೆಗೂ ಅಲುಗಾಡಿಸಿತ್ತು. ಲಾತೂರ್ ಗಡಿಯಾಚೆ. ಸುಮಾರು ಹತ್ತು ಸಾವಿರ ಜನ ಹೋದರು. ದಪ್ಪ ದಪ್ಪ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಹೊತ್ತು ನಸುಕು. ಅಲ್ಲೂ ಊರುಗಳನ್ನು ಎಬ್ಬಿಸಿ ಹೊಸ ಜಾಗಕ್ಕೆ ಕಳಿಸಿದರು. ಹೊಸ ಊರು ಹರಡಿಕೊಂಡಿತು, ಒಂದು ಕಡೆಯಿಂದ ಇನ್ನೊಂದು ಕಡೆ ಕೂಗಿದರೆ ಕೇಳದ ಹಾಗೆ. ಗೋಡೆಗೀಚು ಅವರು ಜಿಬೆಲ್ಲೀನಾದ ಅಗಲದ ಬೀದಿ ಅಂದಾಗ ನನಗೆ ಅದೇ ಕಣ್ಣಿಗೆ ಬಂತು. ಅನಾಹುತ ಆದಮೇಲೆ ನಕ್ಷೆ ಬರೆಯುವವರಿಗೆ ಎಲ್ಲ ದೇಶದಲ್ಲೂ ಜಾಗ ಜಾಸ್ತಿ ಸಿಕ್ಕಿಬಿಡುತ್ತದೆ ಅಂತ ಕಾಣುತ್ತದೆ.

ಗೋಡೆಗೀಚು:
ಇಷ್ಟು ಓದಿದ ಮೇಲೆ ನನಗನ್ನಿಸಿದ್ದು ಹೇಳುತ್ತೇನೆ. ನಾನು ಕ್ರೆತ್ತೊ ಒಂದನ್ನೇ ತೂಗುತ್ತಿದ್ದೆ. ಮಲಪ್ರಭಾದಂಡಿಯವರು ಹೊಸ ಊರನ್ನು ತಕ್ಕಡಿಗೆ ಹಾಕಿದರು. ಕೊರ್ರಾವೊ ಅವರ ಕನಸು ಕಲೆಯಿಂದ ಊರು ಕಟ್ಟುವುದು. ಬದುಕುವ ಕಡೆ ಆ ಕನಸು ಅರ್ಧ ಸೋತಿತು, ಬದುಕಿಲ್ಲದ ಕಡೆ ಪೂರ್ತಿ ಗೆದ್ದಿತು. ಹಾಗಂತ ಸುಳ್ಳು ಕನಸು ಅನ್ನಲು ಮನಸ್ಸು ಬರುವುದಿಲ್ಲ. 80ರ ದಶಕದಲ್ಲಿ ಆ ಅವಶೇಷಗಳ ನಡುವೆಯೇ ಗ್ರೀಕ್ ದುರಂತ ನಾಟಕ ಆಡಿಸಿದರು, ಸಿಸಿಲಿಯ ಆಡುಮಾತಿನಲ್ಲಿ. ಒರೆಸ್ತಿಯಾದಿ ಅಂತ ಆ ಉತ್ಸವ ಈಗಲೂ ನಡೆಯುತ್ತದೆ. ಇಲ್ಲದಿದ್ದರೆ ಆ ಕಣಿವೆಯ ಹೆಸರು ನಾವ್ಯಾರೂ ಕನ್ನಡದಲ್ಲಿ ಬರೆಯುತ್ತಿರಲಿಲ್ಲ.

ಮುಚ್ಚಳ ಅನ್ನುವ ಮಾತು ಮಾತ್ರ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗೇ ಬಿಟ್ಟರೆ ಏನಾಗುತ್ತಿತ್ತು ಅಂತ ನೋಡಲು ಪಕ್ಕದಲ್ಲೇ ಪೊಜ್ಜೊರಿಯಾಲೆ ಇದೆ. ಅದನ್ನು ಬಿದ್ದಂತೆಯೇ ಬಿಟ್ಟಿದ್ದಾರೆ. ಅರ್ಧ ಗೋಡೆ, ಮೆಟ್ಟಿಲು, ಬಾಗಿಲಿಲ್ಲದ ಚೌಕಟ್ಟು ಎಲ್ಲ ಇದೆ.

ಮಲಪ್ರಭಾದಂಡಿ:
ನನ್ನನ್ನು ಕೇಳಿದರೆ ದೊಡ್ಡಪ್ಪ ಪೊಜ್ಜೊರಿಯಾಲೆಗೇ ಹೋಗುತ್ತಿದ್ದರು. ಎಮ್ಮೆ ಕಟ್ಟಲು ಗೂಟ ಹೊಡೆಯಬಹುದಲ್ಲ.

ಪಡಸಾಲೆ:
2026ಕ್ಕೆ ಜಿಬೆಲ್ಲೀನಾ ಇಟಲಿಯ ಸಮಕಾಲೀನ ಕಲೆಯ ರಾಜಧಾನಿ ಅಂತ ಘೋಷಣೆ ಆಗಿದೆ, ಆ ಬಿರುದು ಸಿಕ್ಕ ಮೊದಲ ಊರು. ಮಗಳು ಪಲೆರ್ಮೊದಲ್ಲಿ ಓದುತ್ತಿದ್ದಾಳೆ, ಹೋಗುವ ಯೋಚನೆ ಇದೆ. ಹೇಗೆ ಹೋಗಬೇಕು? ಬಸ್ಸು ಇದೆಯಾ?

ಕುಂಚದಕಡ್ಡಿ:
ಕಾರು ಮಾಡಿಕೊಂಡು ಹೋಗಿ ಸರ್. ಪಲೆರ್ಮೊದಿಂದ ಮಜಾರಾ ಕಡೆಗೆ ಎ29 ಹೆದ್ದಾರಿ. ಹೊಸ ಊರು ಹೆದ್ದಾರಿಗೆ ಹತ್ತಿರ, ಕ್ರೆತ್ತೊಗೆ ಅಲ್ಲಿಂದ ಗುಡ್ಡದ ರಸ್ತೆ. ಟೋಪಿ, ನೀರು ಮರೆಯಬೇಡಿ, ಒಂದು ಮರದ ನೆರಳೂ ಇಲ್ಲ. ಬಿಳಿ ಸಿಮೆಂಟಿಗೆ ಬಿಸಿಲು ಹೊಡೆದು ಕಣ್ಣು ಬಿಡಲು ಆಗುವುದಿಲ್ಲ, ಬೇಸಿಗೆಯಾದರೆ ಸಂಜೆ ಹೋಗಿ. ಪೊಜ್ಜೊರಿಯಾಲೆಯ ಅವಶೇಷವನ್ನೂ ಅದೇ ದಿನ ನೋಡಿ. ಎರಡರಲ್ಲಿ ಯಾವುದು ಮುಚ್ಚಳ ಅಂತ ಬಂದು ಇಲ್ಲೇ ಬರೆಯಿರಿ. ದಂಡಿ ಸರ್ ಕಾಯುತ್ತಿರುತ್ತಾರೆ.